ಡಿಕ್ಲರೇಷನ್ ಹಾಕಲು ಏನೂ ಇಲ್ಲದವರು

1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಗೇಣಿಗೆ ಬಿಟ್ಟಿದ್ದ ಜಮೀನೆಲ್ಲ ಒಂದೇ ಏಟಿಗೆ ಸರ್ಕಾರದ ವಶವಾಯಿತು. ಉಳುತ್ತಿದ್ದ ಗೇಣಿದಾರ ಏಳನೇ ನಮೂನೆಯ ಅರ್ಜಿ ತುಂಬಿ, ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ನನ್ನ ಸಾಗುವಳಿಯಲ್ಲಿದೆ ಎಂದು ಭೂ ನ್ಯಾಯಮಂಡಳಿಗೆ ಬರೆದುಕೊಡಬೇಕಿತ್ತು. ಜನ ಇದನ್ನು ಡಿಕ್ಲರೇಷನ್ ಹಾಕುವುದು ಎಂದರು. ಅರ್ಜಿಯ ಗಡುವು ಮುಂದೆ ಹೋಗುತ್ತ ಹೋಗುತ್ತ ಕೊನೆಗೆ 1979ರ ಜೂನ್ 30ಕ್ಕೆ ಬಂದು ನಿಂತಿತು. ರಾಜ್ಯದಲ್ಲಿ ಒಟ್ಟು ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ಐದು ಲಕ್ಷದ ಹತ್ತಿರ ಮಂಜೂರಾದವು, ಸುಮಾರು ಇಪ್ಪತ್ತು ಲಕ್ಷ ಎಕರೆ ಕೈ ಬದಲಾಯಿತು. ಕೇರಳ, ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟರು ಮಾಡಿದ್ದಕ್ಕೆ ಹೋಲಿಸಿ ನೋಡುವಷ್ಟು ದೊಡ್ಡ ಕೆಲಸ ಅದು. ಇಲ್ಲಿ ಅದನ್ನು ಮಾಡಿಸಿದವರು ಕಾಂಗ್ರೆಸ್ಸಿನ ಡಿ. ದೇವರಾಜ ಅರಸು.

ಅದೇ ಹೊತ್ತಿನಲ್ಲಿ ಚಾಮರಾಜನಗರ ಸೀಮೆಯ ಯಳಂದೂರಿನ ಸುತ್ತಲಿನ ದಲಿತ ಕೇರಿಗಳಲ್ಲಿ ಬದುಕುತ್ತಿದ್ದವರ ಪೈಕಿ ಬಹಳ ಮಂದಿಗೆ ಆ ನಮೂನೆಯಲ್ಲಿ ತುಂಬಲು ಸರ್ವೆ ನಂಬರೇ ಇರಲಿಲ್ಲ. ಅವರು ಗೇಣಿದಾರರಲ್ಲ, ಆಳುಗಳು. ದುಡಿಯುವವರ ಹೆಸರು ಹೇಳಿ ಅಧಿಕಾರ ಹಿಡಿದ ಸುಧಾರಕರು ದುಡಿಯುವವರಿಗೆ ನಿಜವಾಗಿ ಒದಗಿದರೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮಲ್ಲಿ ಅರಸರ ಹೆಸರು ಬರುತ್ತದೆ, ಕರಾವಳಿಯ ಗೇಣಿದಾರನ ಉದಾಹರಣೆ ಬರುತ್ತದೆ, ಅಲ್ಲಿಗೆ ವಾದ ಮುಗಿಯುತ್ತದೆ. ಅದೇ ಪ್ರಶ್ನೆಯನ್ನು ಯಳಂದೂರಿಗೆ ತಂದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಯಳಂದೂರು ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಒಂದು ಕಡೆ ಸುವರ್ಣಾವತಿ ಹೊಳೆಯ ಬಯಲು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಇಷ್ಟು ಸಣ್ಣ ಸೀಮೆ ಪ್ರತ್ಯೇಕ ತಾಲ್ಲೂಕಾಗಿ ಉಳಿದದ್ದಕ್ಕೆ ಒಂದು ಹಳೆಯ ಉಂಬಳಿಯೇ ಕಾರಣ. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ದುಡಿದು, 1799ರ ನಂತರ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾಗಿ ಸಂಸ್ಥಾನ ನಡೆಸಿದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಸೀಮೆ ಜಹಗೀರಾಗಿ ಸಿಕ್ಕಿತು. ಅವರು 1811ರಲ್ಲಿ ಅಧಿಕಾರ ಬಿಟ್ಟರು, ಮರುವರ್ಷ ತೀರಿಕೊಂಡರು. ಜಹಗೀರು ಮಾತ್ರ ವಂಶದಲ್ಲಿ ಉಳಿಯಿತು. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಪಿ.ಎನ್. ಕೃಷ್ಣಮೂರ್ತಿ ಯಳಂದೂರಿನ ಜಹಗೀರ್ದಾರರೂ ಆಗಿದ್ದರು. ಯಳಂದೂರಿನಲ್ಲಿರುವ ಜಹಗೀರ್ದಾರರ ಬಂಗಲೆ ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ. ಗೌರೀಶ್ವರ ದೇವಾಲಯದ ಬಳೆ ಮಂಟಪ ನೋಡಲು ಬರುವವರು ಅದನ್ನೂ ಒಂದು ಸುತ್ತು ಹಾಕಿ ಹೋಗುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ಯಳಂದೂರು ಕನ್ನಡಕ್ಕೆ ಕೊಟ್ಟ ದೊಡ್ಡ ಹೆಸರು ಯಾವ ಜಹಗೀರ್ದಾರನದೂ ಅಲ್ಲ. ಅದು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನದು. ‘ಹದಿಬದೆಯ ಧರ್ಮ’ ಬರೆದವಳು ಸಂಬಳದ ಕೆಲಸದ ಹೆಂಗಸು. ಅವಳ ಹೆಸರಿಗೆ ‘ಸಂಚಿ’ ಎಂದು ಸೇರಿಕೊಂಡಿರುವುದು ಊರಲ್ಲ, ಮನೆತನವಲ್ಲ, ಅವಳ ನೌಕರಿ.

ಪಕ್ಕದ ಕೊಳ್ಳೇಗಾಲದ್ದು ಬೇರೆಯೇ ಚರಿತ್ರೆ. 1956ರ ನವೆಂಬರ್ 1ರವರೆಗೆ ಅದು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಅಲ್ಲಿಯದು ಕಂಪನಿ ಕಾಲದ ರೈತವಾರಿ ಪದ್ಧತಿ. ಕೊಳ್ಳೇಗಾಲದ ರೈತ ಕಂದಾಯವನ್ನು ಸರ್ಕಾರಕ್ಕೆ ಕಟ್ಟಿದರೆ ಯಳಂದೂರಿನ ರೈತ ಜಹಗೀರಿಗೆ ಒಪ್ಪಿಸಬೇಕಿತ್ತು. ಎರಡೂ ಕಡೆ ಕೇರಿಯ ಮನುಷ್ಯನಿಗೆ ಕಟ್ಟಲು ಕಂದಾಯವೇ ಇರಲಿಲ್ಲ. ಅವನ ಲೆಕ್ಕವೆಲ್ಲ ಯಜಮಾನರ ಮನೆಯ ಸಾಲದ ಚೀಟಿಯಲ್ಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮೊದಲು ಬಿದ್ದದ್ದು ಇನಾಮು. ವೈಯಕ್ತಿಕ ಇನಾಮುಗಳ ರದ್ದತಿಗೆ ಮೈಸೂರು ವಿಧಾನಮಂಡಲ 1954ರಲ್ಲಿ, ಧಾರ್ಮಿಕ ಇನಾಮುಗಳ ರದ್ದತಿಗೆ 1955ರಲ್ಲಿ ಕಾಯ್ದೆ ಮಾಡಿತು. ಇನಾಮು ಭೂಮಿಯಲ್ಲಿ ಕಾಯಂ ಒಕ್ಕಲಾಗಿದ್ದವರಿಗೆ ಹಕ್ಕು ಬಂತು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಾಗ ತೋಟಿ, ತಳವಾರ, ನೀರಗಂಟಿಗಳಿಗೆ ಚಾಕರಿಗೆಂದು ಬಿಟ್ಟಿದ್ದ ಇನಾಮ್ತಿ ಜಮೀನು ಅವರ ಹೆಸರಿಗೇ ಮರುಮಂಜೂರಾಗುವ ದಾರಿ ತೆರೆಯಿತು. ಸಂಸ್ಥಾನದ ಕಾಲದಿಂದ ಊರಿನ ಚಾಕರಿ ಮಾಡಿದ ದಲಿತ ಮನೆಗಳಿಗೆ ಕಾಗದದ ಮೇಲೆ ನೆಲ ಸಿಕ್ಕಿದ ಕೆಲವೇ ದಾರಿಗಳಲ್ಲಿ ಇದೂ ಒಂದು. ಕಾಗದ ಬರುವ ಮೊದಲೇ ನೆಲ ಒತ್ತೆಗೆ ಹೋಗಿದ್ದ ಮನೆಗಳೂ ಇದ್ದವು.

ಈ ಸೀಮೆಯ ದಲಿತರ ನಡುವಿನಿಂದ ಬಂದ ಮೊದಲ ದೊಡ್ಡ ನಾಯಕ ಆಲೂರಿನ ಬಿ. ರಾಚಯ್ಯ. 1950ರ ದಶಕದಿಂದಲೇ ಶಾಸನಸಭೆಯಲ್ಲಿದ್ದರು. ಹಲವು ಮಂತ್ರಿಮಂಡಲಗಳಲ್ಲಿ ಮಂತ್ರಿಯಾದರು, ರಾಮಕೃಷ್ಣ ಹೆಗಡೆ ಸರ್ಕಾರದಲ್ಲೂ ಇದ್ದರು, 1990ರಿಂದ 1995ರವರೆಗೆ ಕೇರಳದ ರಾಜ್ಯಪಾಲರಾಗಿದ್ದರು. ಅವರ ರಾಜಕೀಯ ಮೆಲುದನಿಯದು. ಆಳುವ ಪಕ್ಷದ ಒಳಗಿದ್ದುಕೊಂಡು ಊರಿಗೆ ಶಾಲೆ, ರಸ್ತೆ, ಹಾಸ್ಟೆಲ್ ತರುವ ಪೀಳಿಗೆಗೆ ಸೇರಿದವರು. ಯಜಮಾನರ ಮನೆಯ ಜಗಲಿಯ ಮೇಲೆ ಆಳುಮಗ ಕೂರಲಾಗದ ಕಾಲದಲ್ಲಿ ಆ ಸಮುದಾಯದ ಒಬ್ಬರು ಮಂತ್ರಿಯಾಗಿ ಊರಿಗೆ ಬರುವುದೇ ಒಂದು ಘಟನೆ. ಇದನ್ನು ಬರೀ ಸಾಂಕೇತಿಕ ಎಂದು ತಳ್ಳಿಹಾಕುವವರು ಆ ಜಗಲಿಯನ್ನು ಕೆಳಗೆ ನಿಂತು ನೋಡಿದವರಲ್ಲ. ಆದರೆ ಕೂಲಿಯ ದರ, ಜೀತದ ಸಾಲ, ನೆಲದ ಒಡೆತನಗಳ ಮೇಲೆ ಆ ರಾಜಕೀಯ ನೇರವಾಗಿ ಕೈಹಾಕಲಿಲ್ಲ.

ನೆಲದ ಪ್ರಶ್ನೆಗೆ ಬೆಂಕಿ ತಗುಲಿದ್ದು ಮಲೆನಾಡಿನಲ್ಲಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಶುರುವಾದ ತಕರಾರು 1951ರ ಏಪ್ರಿಲ್ 18ರಂದು ಸತ್ಯಾಗ್ರಹವಾಯಿತು. ದೀವರ ಗೇಣಿದಾರರನ್ನು ಎಚ್. ಗಣಪತಿಯಪ್ಪ ಸಂಘಟಿಸಿದ್ದರು, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಆ ಪಕ್ಷದ ರಾಷ್ಟ್ರ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮೈಸೂರು ಸೀಮೆಯ ಬಯಲಿನಲ್ಲಿ ಅಂಥದ್ದು ಆಗಲಿಲ್ಲ. ಕಾರಣ ಸರಳ. ಬಯಲಿನಲ್ಲಿ ಗೇಣಿ ಕಡಿಮೆ, ಸ್ವಂತ ಹಿಡುವಳಿ ಹೆಚ್ಚು. ಜಮೀನಿದ್ದವನು ಆಳಿಟ್ಟು ಬೇಸಾಯ ಮಾಡಿಸುತ್ತಿದ್ದ. ಒಡೆಯ ಒಂದು ಕಡೆ, ಒಕ್ಕಲುಗಳ ಒಂದು ದೊಡ್ಡ ಗುಂಪು ಇನ್ನೊಂದು ಕಡೆ ಎಂದು ಊರು ಸೀಳಿರಲಿಲ್ಲ. ಹತ್ತು ಮನೆಯ ಯಜಮಾನರು, ಆ ಹತ್ತೂ ಮನೆಗೆ ಹಂಚಿಹೋದ ಆಳುಗಳು. ಒಬ್ಬೊಬ್ಬನದು ಒಂದೊಂದು ಸಾಲ.

ಗೋಪಾಲಗೌಡರು 1972ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾಗಿದ್ದರು. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರು, ರಾಜಮನೆತನದ ನಂಟಿನ ಸಣ್ಣ ಸಮುದಾಯದವರು. ಲಿಂಗಾಯತ, ಒಕ್ಕಲಿಗ ನಾಯಕತ್ವ ಅದಲುಬದಲಾಗಿ ನಡೆಯುತ್ತಿದ್ದ ರಾಜ್ಯದಲ್ಲಿ ತಮಗೊಂದು ನೆಲೆ ಬೇಕೆಂದರೆ ಇವೆರಡರ ಆಚೆಗಿನ ಜನರನ್ನು ಕೂಡಿಸಲೇಬೇಕು ಎಂಬುದು ಅವರಿಗೆ ಗೊತ್ತಿತ್ತು. ಹಿಂದುಳಿದ ವರ್ಗಗಳ ಹಾವನೂರು ಆಯೋಗ, ಭೂಸುಧಾರಣೆ, ಋಣ ಪರಿಹಾರ, ಜನತಾ ಮನೆ, ಎಲ್ಲದರ ಹಿಂದೆಯೂ ಈ ಲೆಕ್ಕವಿತ್ತು. ಲೆಕ್ಕವಿತ್ತು ಎಂದ ಮಾತ್ರಕ್ಕೆ ಕಳಕಳಿ ಇರಲಿಲ್ಲ ಎಂದಾಗುವುದಿಲ್ಲ. ರಾಜಕಾರಣಿಯಲ್ಲಿ ಎರಡೂ ಒಟ್ಟಿಗಿದ್ದರೆ ಅದೇ ಭಾಗ್ಯ.

1961ರ ಮೂಲ ಕಾಯ್ದೆ 1965ರ ಅಕ್ಟೋಬರ್ 2ರಿಂದ ಜಾರಿಯಲ್ಲಿತ್ತು. ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಜಮೀನ್ದಾರ ಗೇಣಿದಾರನಿಂದ ನೆಲ ಬಿಡಿಸಿಕೊಳ್ಳಲು ಅದರಲ್ಲಿ ಅವಕಾಶವಿತ್ತು. 1974ರ ತಿದ್ದುಪಡಿ ಆ ಕಂಡಿ ಮುಚ್ಚಿತು. ಸೈನಿಕರಂಥ ಒಂದೆರಡು ವರ್ಗ ಬಿಟ್ಟರೆ ಇನ್ನು ಗೇಣಿಯೇ ಕೂಡದು ಎಂದಿತು. ಕೋರ್ಟಿನ ಅಲೆದಾಟ ತಪ್ಪಿಸಲು ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿ ಮಾಡಿತು: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸುವ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು. ವಕೀಲರಿಗೆ ಪ್ರವೇಶವಿಲ್ಲ. ಈ ಕೊನೆಯ ಅಂಶವೊಂದೇ ಆ ಕಾಯ್ದೆ ಬರೆದವರಿಗೆ ಹಳ್ಳಿ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ. ಕರಿಕೋಟು ಬಂದರೆ ಯಾರ ಕಡೆ ಬರುತ್ತದೆ ಎಂದು ಬಲ್ಲವರ ಕೈಬರಹ ಅದು.

ಕರಾವಳಿಯಲ್ಲಿ ಇದು ಊರಿಗೆ ಊರನ್ನೇ ಮಗುಚಿತು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಗೇಣಿ ಹೆಚ್ಚು. ಜೊತೆಗೆ ಅಲ್ಲಿ ದಶಕಗಳಿಂದ ಕೆಂಬಾವುಟದ ರೈತಸಂಘಗಳು ಕೆಲಸ ಮಾಡಿದ್ದವು. ಬಿ.ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟರು ಬೀಡಿ ಕಾರ್ಮಿಕರನ್ನೂ ಗೇಣಿ ರೈತರನ್ನೂ ಕಟ್ಟಿದ್ದರು, ಅರಸರ ಕಾಲದಲ್ಲಿ ಶಾಸನಸಭೆಯಲ್ಲೂ ಇದ್ದರು. ಯಾವ ಜಾಗದಲ್ಲಿ ಯಾರು ಎಷ್ಟು ವರ್ಷದಿಂದ ಉಳುತ್ತಿದ್ದಾರೆ ಎಂದು ಹೇಳಲು ಸಾಕ್ಷಿಗಳಿದ್ದರು. ಧಣಿಗೆ ಹೆದರಿ ಅರ್ಜಿ ಹಾಕದಿದ್ದವನ ಮನೆಗೆ ಹೋಗಿ ಧೈರ್ಯ ಹೇಳಲು ಕಾರ್ಯಕರ್ತರಿದ್ದರು. ಕಾಯ್ದೆ ಬೆಂಗಳೂರಿನದಾದರೂ ಅದನ್ನು ನೆಲಕ್ಕಿಳಿಸುವ ಕೈಗಳು ಅಲ್ಲಿ ಮೊದಲೇ ತಯಾರಾಗಿದ್ದವು. ಮಂಜೂರಾದ ಅರ್ಜಿಗಳಲ್ಲಿ ಕರಾವಳಿಯ ಪಾಲು ಅಷ್ಟೊಂದು ದೊಡ್ಡದಾದದ್ದಕ್ಕೆ ಗೇಣಿಯ ಪ್ರಮಾಣ ಎಷ್ಟು ಕಾರಣವೋ ಈ ಸಂಘಟನೆಯೂ ಅಷ್ಟೇ ಕಾರಣ.

ಯಳಂದೂರಿನಲ್ಲೂ ಕೋರು, ಗುತ್ತಿಗೆಗೆ ಮಾಡುತ್ತಿದ್ದ ರೈತರಿದ್ದರು, ಅವರಿಗೆ ಕಾಯ್ದೆ ಒದಗಿತು. ಆಳಿನ ವಿಷಯ ಬಂದಾಗ ಕಾಯ್ದೆಯ ಎರಡನೇ ಸೆಕ್ಷನ್ ಅಡ್ಡ ಬರುತ್ತದೆ. ‘ಸ್ವಂತ ಸಾಗುವಳಿ’ ಎಂದರೆ ತಾನು ದುಡಿಯುವುದು, ಮನೆಯವರು ದುಡಿಯುವುದು, ಅಥವಾ ಕೂಲಿ ಕೊಟ್ಟು ತನ್ನ ಮೇಲ್ವಿಚಾರಣೆಯಲ್ಲಿ ದುಡಿಸುವುದು ಎಂದು ಅಲ್ಲಿ ಬರೆದಿದೆ. ಅಂದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತವನು ಸಾಗುವಳಿದಾರ, ಕೆಸರಿನಲ್ಲಿ ಮೇಣಿ ಹಿಡಿದವನು ಕೂಲಿ. ‘ಉಳುವವನೇ ಹೊಲದೊಡೆಯ’ ಎಂದು ಗೋಡೆಗಳ ಮೇಲೆ ಬರೆದಾಗ ಆ ಮೇಣಿ ಹಿಡಿದವನು ಅದು ತನಗೆ ಹೇಳಿದ್ದು ಎಂದುಕೊಂಡಿದ್ದರೆ ಅವನ ತಪ್ಪೇನೂ ಇರಲಿಲ್ಲ.

ಇನ್ನೊಂದು ಬಾಗಿಲಿತ್ತು, ಭೂಮಿತಿ. ಐದು ಜನರ ಕುಟುಂಬಕ್ಕೆ ಹತ್ತು ಯೂನಿಟ್, ಅಂದರೆ ತೀರ ಒಣ ಭೂಮಿಯಾದರೆ 54 ಎಕರೆಯವರೆಗೆ. ಮಿಕ್ಕದ್ದನ್ನು ಸರ್ಕಾರ ವಶಪಡಿಸಿಕೊಂಡು ಭೂಹೀನರಿಗೆ ಹಂಚಬೇಕು, ಅದರಲ್ಲಿ ಅರ್ಧ ಪರಿಶಿಷ್ಟರಿಗೆ. ಕೇಳಲು ಚೆನ್ನಾಗಿತ್ತು. ಮಿತಿ ದೊಡ್ಡದು, ಕುಟುಂಬ ಪಾಲಾಗುವುದು ಸುಲಭ, ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳಿಗೆ ಪೂರ್ತಿ ವಿನಾಯಿತಿ. ಹಾಗಾಗಿ ಇಡೀ ರಾಜ್ಯದಲ್ಲಿ ಈ ದಾರಿಯಿಂದ ಹಂಚಿಕೆಯಾದ ನೆಲ ಗೇಣಿದಾರರಿಗೆ ಹೋದ ನೆಲದ ಹತ್ತರಲ್ಲೊಂದು ಪಾಲಿನಷ್ಟೂ ಆಗಲಿಲ್ಲ. ಆಳಿಗೆ ಖಚಿತವಾಗಿ ಸಿಕ್ಕಿದ್ದು ಸೆಕ್ಷನ್ 38ರ ಪ್ರಕಾರ ತಾನು ಗುಡಿಸಲು ಹಾಕಿಕೊಂಡಿದ್ದ ಜಾಗದ ಹಕ್ಕು, ಜನತಾ ಮನೆ. ಯಜಮಾನ ಯಾವಾಗ ಬೇಕಾದರೂ ಗುಡಿಸಲು ಕೀಳಿಸಬಹುದಾಗಿದ್ದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬಿಟ್ಟಿ ಚಾಕರಿಗೆ ಬರುವುದಿಲ್ಲ, ಕೂಲಿ ಇಷ್ಟು ಬೇಕು ಎಂದು ಹೇಳುವವನಿಗೆ ಕಾಲೂರಲು ಒಂದು ಜಾಗ ಬೇಕಲ್ಲ.

ನರೇಂದರ್ ಪಾಣಿ 1983ರಲ್ಲಿ ಕರ್ನಾಟಕದ ಭೂ ಶಾಸನದ ಮೇಲೆ ಒಂದು ಇಂಗ್ಲಿಷ್ ಪುಸ್ತಕ ತಂದರು. ಬದಲಾವಣೆಯನ್ನು ಮುಂಚಿತವಾಗಿಯೇ ತಡೆಯಲು ಮಾಡಿದ ಸುಧಾರಣೆ ಎಂಬುದು ಅದರ ತಲೆಬರಹದ ತಾತ್ಪರ್ಯ. ಆ ಮಾತಿನಲ್ಲಿ ಹುರುಳಿದೆ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರಿಗೆ 1883ರಲ್ಲಿ ಕಾಯಿಲೆ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ ಕೊಟ್ಟಾಗ ಆ ಕಾರ್ಮಿಕರ ಪಕ್ಷವನ್ನು ಹತ್ತಿಕ್ಕುವ 1878ರ ಕಾಯ್ದೆ ಇನ್ನೂ ಜಾರಿಯಲ್ಲಿತ್ತು. ಆದರೆ ಪಾಣಿಯವರ ಮಾತನ್ನು ಯಳಂದೂರಿಗೆ ಹಾಗೆಯೇ ತಂದರೆ ಒಂದು ತೊಡಕಿದೆ. ತಡೆಯಬೇಕಾದ ಯಾವ ದೊಡ್ಡ ಬದಲಾವಣೆ ಇಲ್ಲಿ ಬಾಗಿಲಿಗೆ ಬಂದು ನಿಂತಿತ್ತು? ಜೀತದಾಳುಗಳ ಬಂಡಾಯ ಏಳುವ ಸೂಚನೆ ಇರಲಿಲ್ಲ. ಆಳುಗಳನ್ನು ಕಟ್ಟಲು ಕಮ್ಯುನಿಸ್ಟರು ಈ ಬಯಲಿಗೆ ಹೆಚ್ಚಾಗಿ ಬರಲೇ ಇಲ್ಲ. ಅವರ ಶಕ್ತಿಯೆಲ್ಲ ಕೋಲಾರದ ಚಿನ್ನದ ಗಣಿ, ಬೆಂಗಳೂರಿನ ಕಾರ್ಖಾನೆ, ಮಂಗಳೂರಿನ ಬೀಡಿ, ಹೆಂಚುಗಳ ಕಡೆಗೆ ಇತ್ತು. ಇಲ್ಲಿ ಹತ್ತಿರದ ಕಾರ್ಖಾನೆ ಎಂದರೆ ಮಾಂಬಳ್ಳಿ, ಸಂತೇಮರಹಳ್ಳಿ, ಕೊಳ್ಳೇಗಾಲಗಳಲ್ಲಿದ್ದ ಸರ್ಕಾರಿ ರೇಷ್ಮೆ ನೂಲಿನ ಕಾರ್ಖಾನೆಗಳು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಹೊಲದ ಕೂಲಿಯ ಪ್ರಶ್ನೆ ಆ ಗೇಟಿನ ಹೊರಗೇ ಉಳಿಯಿತು. ಹಾಗಾಗಿ ಅರಸರ ಸುಧಾರಣೆ ಆಳಿನ ಹೋರಾಟವನ್ನು ಮೊಟಕುಗೊಳಿಸಿತು ಎನ್ನಲು ನನಗೆ ಮನಸ್ಸು ಬಾರದು. ಮೊಟಕುಗೊಳಿಸಲು ಹೋರಾಟ ಇರಬೇಕಿತ್ತು.

ಹೋರಾಟ ಕಟ್ಟಬೇಕಾದವರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಜೀತ ರದ್ದತಿಯ ಕೇಂದ್ರ ಸುಗ್ರೀವಾಜ್ಞೆ ಆ ವರ್ಷದ ಅಕ್ಟೋಬರ್‌ನಲ್ಲಿ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ ಅದೇ ದಿಲ್ಲಿ ಸರ್ಕಾರ ಕಾರ್ಖಾನೆ ಕಾರ್ಮಿಕರ ಕನಿಷ್ಠ ಬೋನಸ್ಸನ್ನು ಶೇ 8.33ರಿಂದ ಶೇ 4ಕ್ಕೆ ಇಳಿಸಿತ್ತು. ಒಂದು ಕೈಯಲ್ಲಿ ಜೀತದಾಳಿಗೆ ಬಿಡುಗಡೆ, ಇನ್ನೊಂದು ಕೈಯಲ್ಲಿ ಕಾರ್ಮಿಕನ ಜೇಬಿಗೆ ಕತ್ತರಿ. ಕಾರ್ಮಿಕ ನಾಯಕರಲ್ಲಿ ಅನೇಕರು ಜೈಲಿನಲ್ಲಿದ್ದರು. ಭಾರತ ಕಮ್ಯುನಿಸ್ಟ್ ಪಕ್ಷ ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿತು, ಆಮೇಲೆ ಅದಕ್ಕಾಗಿ ತಪ್ಪೊಪ್ಪಿಕೊಂಡಿತು. ಜೀತ ಹೋಗಬೇಕೆಂಬ ಆಸೆಯಿಂದ ಬೆಂಬಲಿಸಿದ ಪ್ರಾಮಾಣಿಕರು ಅದರಲ್ಲಿ ಇದ್ದರು ಎಂಬುದು ನಿಜ. ಆದರೆ ಜೀತ ಹೋಗಿದೆಯೋ ಇಲ್ಲವೋ ಎಂದು ಊರೂರಿಗೆ ಹೋಗಿ ಕೂಗಿ ಹೇಳಬೇಕಾದ ಬಾಯಿಗಳನ್ನೇ ಮುಚ್ಚಿದ ಸರ್ಕಾರ ಅದು. ಕರ್ನಾಟಕದಲ್ಲಿ ಸರ್ಕಾರಿ ಲೆಕ್ಕದ ಪ್ರಕಾರ ಗುರುತಿಸಲಾದ ಜೀತದಾಳುಗಳ ಸಂಖ್ಯೆ 60 ಸಾವಿರ ದಾಟಿತು. ಋಣ ಪರಿಹಾರದ ಕಾಯ್ದೆಯಿಂದ ಒತ್ತೆಯಿಟ್ಟ ಪಾತ್ರೆ, ಒಡವೆ ಎಷ್ಟೋ ಮನೆಗಳಿಗೆ ವಾಪಸು ಬಂದವು. ಮುಂದಿನ ಮದುವೆಗೆ, ಮುಂದಿನ ಕಾಯಿಲೆಗೆ ಸಾಲ ಕೊಡುವವರು ಯಾರು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಹಳೆಯ ಯಜಮಾನನ ಮನೆಯ ಬಾಗಿಲು ಮತ್ತೆ ಬಡಿಯಬೇಕಾಯಿತು, ಈ ಸಲ ಚೀಟಿಯಿಲ್ಲದೆ.

ಬೆಟ್ಟದ ಮೇಲೆ ಅದೇ 1974ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಉಳುವವನಿಗೆ ನೆಲ ಎಂದ ಸರ್ಕಾರವೇ ಆ ವರ್ಷ ಬಿಳಿಗಿರಿರಂಗನ ಬೆಟ್ಟವನ್ನು ವನ್ಯಜೀವಿಧಾಮವೆಂದು ಸಾರಿತು. ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ತಲೆಮಾರುಗಳಿಂದ ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ, ಜೋಳ, ಅವರೆ ಬೆಳೆಯುತ್ತಿದ್ದರು, ಬೇಸಿಗೆಯ ಮೊದಲು ತರಗು ಬೆಂಕಿ ಹಾಕುತ್ತಿದ್ದರು. ಅದೆಲ್ಲ ನಿಂತಿತು. ಕಾಡೊಳಗಿನ ಪೋಡು ಎಂಬ ಹಾಡಿಗಳಿಂದ ಅವರನ್ನು ರಸ್ತೆಬದಿಗೆ ತಂದು ಕೂರಿಸಲಾಯಿತು. ಸೋಲಿಗರು ಯಾರ ಗೇಣಿದಾರರೂ ಅಲ್ಲ, ಅವರ ಹೊಲಕ್ಕೆ ಸರ್ವೆ ನಂಬರಿಲ್ಲ, ಏಳನೇ ನಮೂನೆ ಅವರ ಬಳಿ ಸುಳಿಯಲೂ ಇಲ್ಲ. ಅದೇ ಬೆಟ್ಟಸಾಲಿನ ಹೊನ್ನಮೇಟಿ, ಬೇಡಗುಳಿಯ ಕಾಫಿ ತೋಟಗಳು, ಬ್ರಿಟಿಷರ ಕಾಲದಲ್ಲಿ ಮಾರಿಸ್ ಮನೆತನದಂಥವರು ಕಾಡು ಕಡಿದು ಮಾಡಿದವು, ಅಭಯಾರಣ್ಯದ ನಡುವೆ ಖಾಸಗಿ ಆಸ್ತಿಯಾಗಿ ಉಳಿದವು. ಭೂಮಿತಿಯಿಂದಲೂ ಅವಕ್ಕೆ ವಿನಾಯಿತಿ ಇದ್ದದ್ದನ್ನು ಆಗಲೇ ಹೇಳಿದೆ. ಕಾಡಿನಲ್ಲಿ ಬೇಸಾಯ ಕಳೆದುಕೊಂಡ ಸೋಲಿಗರು ಅದೇ ಕಾಡಿನ ನಡುವಿನ ತೋಟಕ್ಕೆ ಕೂಲಿಗೆ ಹೋದರು. ಅರಸರ ಅಭಿಮಾನಿಗಳು ಬರೆದ ಚರಿತ್ರೆಗಳಲ್ಲಿ ಈ ಪುಟ ಸಾಮಾನ್ಯವಾಗಿ ಇರುವುದಿಲ್ಲ. ಅರಸರನ್ನು ಬಯ್ಯುವವರು ಬರೆದದ್ದರಲ್ಲೂ ಇರುವುದಿಲ್ಲ. ಇಬ್ಬರಿಗೂ ಕಾರ್ಮಿಕ ಎಂದರೆ ಬಯಲಿನವನು.

ಬೆಟ್ಟದಲ್ಲಿ ಮುಂದೆ ಆದದ್ದನ್ನು ಚುಟುಕಾಗಿ ಹೇಳಬಹುದು. 1981ರಲ್ಲಿ ಡಾ. ಎಚ್. ಸುದರ್ಶನ್ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆ ಕಟ್ಟಿತು. ಸೋಲಿಗರ ಸಂಘ ಬೆಳೆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದು ಗ್ರಾಮಸಭೆಗಳು ಅರ್ಜಿ ಹಾಕಿದವು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ದೇಶದಲ್ಲೇ ಮೊದಲು. ಅಲ್ಲಿ ಅರ್ಜಿ ಹಾಕಿದ್ದು ಒಬ್ಬೊಬ್ಬನಲ್ಲ, ಪೋಡಿಗೆ ಪೋಡೇ ಸೇರಿ ಹಾಕಿತ್ತು.

ಬಯಲಿನ ಕೇರಿಗೆ ಅರಸರ ಸರ್ಕಾರದಿಂದ ಬಂದ, ನನ್ನ ಲೆಕ್ಕದಲ್ಲಿ ಅತ್ಯಂತ ಗಟ್ಟಿಯಾದ ಕಾಯ್ದೆ 1974ರದಲ್ಲ, 1978ರದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಬೇರೆಯವರು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯವೇ ಅನೂರ್ಜಿತ, ಜಮೀನು ಮೂಲ ಮಂಜೂರಿದಾರನಿಗೆ ವಾಪಸು. ಜನ ಇದನ್ನು ಪಿಟಿಸಿಎಲ್ ಎನ್ನುತ್ತಾರೆ. ಇಂಥ ಕಾಯ್ದೆಗೆ ಬೇಕಾದ ಗಾಳಿ ಬೀಸಿದ್ದು ಅರಸರ ಸಂಪುಟದ ಬಿ. ಬಸವಲಿಂಗಪ್ಪನವರ ಕಡೆಯಿಂದ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಅವರು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ‘ಬೂಸಾ’ ಎಂದು ಕರೆದು ರಾಜ್ಯವನ್ನೇ ಕದಡಿದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಸುಧಾರಣಾವಾದಿ ಸರ್ಕಾರವೂ ತನ್ನ ದಲಿತ ಮಂತ್ರಿಯನ್ನು ಒಂದು ಮಾತಿನ ಬೆಲೆಗೆ ಬಿಟ್ಟುಕೊಟ್ಟಿತು. ಆದರೆ ಆ ಏಟು ತಿಂದ ಹುಡುಗರಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮುಂತಾದವರ ಆ ಸಂಘಟನೆ ಎತ್ತಿದ ಮೊದಲ ಪ್ರಶ್ನೆಗಳಲ್ಲಿ ಭೂಮಿಯದೂ ಒಂದು. ಮೈಸೂರು ಸೀಮೆಯ ಕೇರಿಗಳಲ್ಲಿ ನಾಯಕನಿಗೆ ಕೈಮುಗಿಯುವ ರೂಢಿ ಸಡಿಲಿ, ಅರ್ಜಿ ಬರೆಯುವ, ತಾಲ್ಲೂಕು ಕಚೇರಿ ಎದುರು ಕೂರುವ ರೂಢಿ ಬಂದದ್ದು ಆಮೇಲೆ.

ಅರಸರ ಕೊನೆ ಕ್ರೂರವಾಗಿತ್ತು. 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು, ಅರಸರ ಕಡೆಗೆ ಒಂದೂ ಬರಲಿಲ್ಲ. ಜನವರಿ 12ರಂದು ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ತೀರಿಕೊಂಡರು. ನೆಲ ಪಡೆದವರೇ ಕೈಬಿಟ್ಟರು ಎಂದು ಜನರನ್ನು ಹಳಿಯುವುದು ಸುಲಭ. ಅವರು ಅರ್ಜಿ ಹಾಕಿದ್ದು ಸರ್ಕಾರಕ್ಕೆ, ಆದೇಶ ಬಂದದ್ದು ಸರ್ಕಾರದಿಂದ. ಸರ್ಕಾರದ ಮುಖ ಯಾರದೋ ಅವರಿಗೆ ಓಟು. ಕರಾವಳಿಯ ಕೆಂಬಾವುಟದ ಸಂಘಗಳಿಗೂ ಇದೇ ಗತಿ ಬಂತು. ಭೂಮಿ ಕೈಗೆ ಬಂದ ಮೇಲೆ ರೈತ ಕೆಂಪು ಬಿಟ್ಟು ನಡೆದ.

ಯಳಂದೂರು ಈಗ ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರದಲ್ಲಿದೆ, ಮೀಸಲು ಕ್ಷೇತ್ರ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು 2011ರ ಗಣತಿಯ ಪ್ರಕಾರ ನಾಲ್ಕರಲ್ಲಿ ಒಬ್ಬರು, ಇದು ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು. 2018ರಲ್ಲಿ ಇಲ್ಲಿ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಗೆದ್ದಾಗ ಅದು ರಾಜ್ಯಕ್ಕೆಲ್ಲ ಸುದ್ದಿ. ಕೇರಿ ತನ್ನದೇ ಪಕ್ಷ, ತನ್ನದೇ ಗುರುತು, ತನ್ನದೇ ನಾಯಕನಿಗೆ ಓಟು ಹಾಕಿತ್ತು. ಅವರು ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು, 2019ರ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲವೆಂದು ಪಕ್ಷ ಅವರನ್ನು ಉಚ್ಚಾಟಿಸಿತು, 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅವರನ್ನು ಸೋಲಿಸಿದವರು ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿ, ಬಿ. ರಾಚಯ್ಯನವರ ಮಗ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟಿನಿಂದ ಆರ್. ಧ್ರುವನಾರಾಯಣರಿಗೆ ಸೋತಿದ್ದವರು ಇವರೇ. ಸಂಘಟನೆ ಕಟ್ಟಿ ಬಂದ ನಾಯಕನೂ ಮನೆತನದಿಂದ ಬಂದ ನಾಯಕನೂ ಒಂದೇ ಕುರ್ಚಿಗೆ ಬಂದು ಕೂರುವಾಗ ಕೇರಿಗೆ ಕಾಣುವ ವ್ಯತ್ಯಾಸ ಬಾವುಟದ ಬಣ್ಣಕ್ಕಿಂತ ಆ ಕುರ್ಚಿಯ ಮುಂದೆ ದನಿ ಎತ್ತುವವರು ಉಳಿದಿದ್ದಾರೋ ಇಲ್ಲವೋ ಎಂಬುದರಲ್ಲಿದೆ.

ಕಾಯ್ದೆಗಳೂ ಹಾಗೆಯೇ ಎಳೆದಾಟಕ್ಕೆ ಬಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು, ಪಿಟಿಸಿಎಲ್ ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಎಂದು ಹೇಳಿದ ಮೇಲೆ, ತಡವಾಗಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗತೊಡಗಿದವು. 2020ರಲ್ಲಿ ಯಡಿಯೂರಪ್ಪ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನೇ ಕಿತ್ತು, ಕೃಷಿಕನಲ್ಲದವನೂ ಎಷ್ಟೇ ಆದಾಯವಿದ್ದವನೂ ಕೃಷಿ ಭೂಮಿ ಕೊಳ್ಳಬಹುದು ಎಂದಿತು. ಸಮಾಜವಾದಿ ಹಿನ್ನೆಲೆಯ ಸಿದ್ದರಾಮಯ್ಯ ಆಗ ವಿರೋಧ ಪಕ್ಷದ ನಾಯಕರು, ಕಟುವಾಗಿ ವಿರೋಧಿಸಿದರು. ಅವರು ಮುಖ್ಯಮಂತ್ರಿಯಾದ ಮೇಲೆ, 2023ರಲ್ಲಿ, ಪಿಟಿಸಿಎಲ್ ಅರ್ಜಿಗೆ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಬಂತು. ಅದಕ್ಕೆ ಮೊದಲು ದಲಿತ ಸಂಘಟನೆಗಳ ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು.

ಸರ್ಕಾರಿ ಭೂಮಿಯಲ್ಲಿ ಅನುಮತಿಯಿಲ್ಲದೆ ಉಳುತ್ತಿರುವವರಿಗೆ ಬಗರ್ ಹುಕುಂ ಸಕ್ರಮದ ಅರ್ಜಿಗಳಿವೆ. ಏಳನೇ ನಮೂನೆ ದಕ್ಕದವರ ಮಕ್ಕಳಿಗೆ ದಕ್ಕಿದ ನಮೂನೆಗಳು ಇವು: 50, ಆಮೇಲೆ 53, ಆಮೇಲೆ 57. ಐವತ್ತನೇ ನಮೂನೆಗೆ 1990ರ ಏಪ್ರಿಲ್ 14ಕ್ಕೆ ಮೊದಲು, ಐವತ್ತೇಳಕ್ಕೆ 2005ರ ಜನವರಿ 1ಕ್ಕೆ ಮೊದಲು ಸಾಗುವಳಿ ಮಾಡುತ್ತಿದ್ದೆ ಎಂದು ತೋರಿಸಬೇಕು. ಮೊದಲನೆಯದು ಅಂಬೇಡ್ಕರ್ ಜನ್ಮದಿನ. ಅರ್ಜಿಯನ್ನು ತೀರ್ಮಾನಿಸುವ ತಾಲ್ಲೂಕು ಸಮಿತಿಯಲ್ಲಿ ತಹಶೀಲ್ದಾರ್ ಕಾರ್ಯದರ್ಶಿ. ಅಧ್ಯಕ್ಷ, ಆ ಕ್ಷೇತ್ರದ ಶಾಸಕ.